‘ಇದೊಂದು ಪಟ್ಟಿ ಸಾಕು, ಐಟಿ ಕೆಲಸ ಗ್ಯಾರಂಟಿ’: ಸಾಫ್ಟ್‌ವೇರ್ ಎಂಜಿನಿಯರ್‌ಗಳ ಮೆಚ್ಚಿನ ಪಟ್ಟಿಯಲ್ಲಿ ನಿಜ ಎಷ್ಟು?

ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ನಮ್ಮೆಲ್ಲರ ಮೊಬೈಲಿಗೆ ಒಂದು ಬಗೆಯ ಸಂದೇಶ ಬರುತ್ತದೆ. ‘ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಕೊಟ್ಟ ಪಟ್ಟಿ’ ಎಂದು ಅದು ಶುರುವಾಗುತ್ತದೆ. ನೋಡಲೇಬೇಕಾದ ಹತ್ತು ಸಿನಿಮಾ, ಓದಲೇಬೇಕಾದ ಕಾಮಿಕ್ಸ್, ಕೋಡಿಂಗ್ ಕಲಿಸುವ ಐವತ್ತು ಉಚಿತ ಜಾಲತಾಣ. ಕೊನೆಯಲ್ಲಿ ‘ಇಷ್ಟು ಮಾಡಿದರೆ ಆರು ತಿಂಗಳಲ್ಲಿ ಐಟಿ ಕೆಲಸ ಗ್ಯಾರಂಟಿ, ಬಡ ಮಕ್ಕಳಿಗೆ ತಲುಪುವ ತನಕ ಶೇರ್ ಮಾಡಿ’ ಎಂಬ ಸಾಲು. ರಾಯಚೂರಿನ ಬಡಾವಣೆಯ ಗುಂಪು, ದೇವದುರ್ಗದ ಹಳೇ ವಿದ್ಯಾರ್ಥಿಗಳ ಗುಂಪು, ಮಾನ್ವಿಯ ಬೀಗರ ಗುಂಪು, ಹೀಗೆ ಎಲ್ಲ ಕಡೆ ತಿರುಗಿ ಮತ್ತೆ ನಮ್ಮ ಬಳಿಗೇ ಬರುತ್ತದೆ.

ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಅದನ್ನು ಓದಿದ ಮನೆಯೊಂದು ಏನು ತೀರ್ಮಾನ ಮಾಡುತ್ತದೆ ಎಂಬುದು ಸಣ್ಣ ಮಾತಲ್ಲ. ಮಗಳನ್ನು ಡಿಗ್ರಿಗೆ ಸೇರಿಸುವುದೋ, ಸಾಲ ಮಾಡಿ ಹೈದರಾಬಾದಿನ ಕೋಚಿಂಗಿಗೆ ಕಳಿಸುವುದೋ? ಹತ್ತಿ ಮಾರಿದ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಕೊಳ್ಳುವುದೋ, ಬೀಜ ಗೊಬ್ಬರದ ಬಾಕಿ ತೀರಿಸುವುದೋ? ಒಂದು ವರ್ಷದ ದುಡಿಮೆ, ಒಬ್ಬ ಹುಡುಗನ ಅಥವಾ ಹುಡುಗಿಯ ಒಂದು ವರ್ಷದ ಓದು ಇಂಥ ಪಟ್ಟಿಯ ಮೇಲೆ ನಿಂತಿರಬಹುದು. ಹಾಗಾಗಿ ಪಟ್ಟಿಯಲ್ಲಿ ಸಾಮಾನ್ಯವಾಗಿ ಏನೇನಿರುತ್ತದೆ, ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಪೂರ್ತಿ ಸುಳ್ಳು ಎಂಬುದನ್ನು ಒಂದೊಂದಾಗಿ ನೋಡೋಣ.

ಇಂಥ ಪಟ್ಟಿಗಳು ಯಾಕೆ ಇಷ್ಟು ಓಡಾಡುತ್ತವೆ?

ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದು ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂದು ಬರೆದಿದ್ದರೆ, ಅದು ಮೊದಲು ಬರೆದವರಿಂದ ನಿಮ್ಮ ತನಕ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಇಂಥ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸುವಂತೆ ವಾಟ್ಸಾಪ್ ಮಿತಿ ಹಾಕಿದೆ. ಅಷ್ಟಿದ್ದರೂ ಓಡುತ್ತದೆ ಎಂದರೆ, ಜನ ಒಂದೊಂದೇ ಗುಂಪಿಗೆ ಬೆರಳು ನೋಯಿಸಿಕೊಂಡು ಕಳಿಸುತ್ತಿದ್ದಾರೆ ಎಂದಾಯಿತು.

ಇದಕ್ಕೆ ಕಾರಣ ನಮ್ಮೊಳಗೇ ಇದೆ. ಪಟ್ಟಿಯೊಂದನ್ನು ಸೇವ್ ಮಾಡಿದ ಕೂಡಲೇ ಅರ್ಧ ಕಲಿತಂತೆ ಮನಸ್ಸಿಗೆ ಹಗುರಾಗುತ್ತದೆ. ಇನ್ನೊಬ್ಬರಿಗೆ ಕಳಿಸಿದರೆ ಉಪಕಾರ ಮಾಡಿದ ಸಮಾಧಾನವೂ ಸಿಗುತ್ತದೆ. ಐವತ್ತು ಹೆಸರುಗಳಲ್ಲಿ ಒಂದನ್ನಾದರೂ ತೆರೆದು ನೋಡಿದವರು ಎಷ್ಟು ಮಂದಿ ಎಂದು ಗುಂಪಿನಲ್ಲಿ ಕೇಳಿ ನೋಡಿ, ಉತ್ತರ ಗೊತ್ತಾಗುತ್ತದೆ.

ಇನ್ನೊಂದು ವಿಷಯವಿದೆ. ಎಂಜಿನಿಯರ್ ಒಬ್ಬರು ತಮಗೆ ಇಷ್ಟವಾದದ್ದರ ಪಟ್ಟಿ ಮಾಡುವುದು ಕೆಲಸ ಕಲಿತು ಹತ್ತು ವರ್ಷ ಕಳೆದ ಮೇಲೆ. ಅಡುಗೆಯಲ್ಲಿ ಪಳಗಿದ ಅತ್ತೆ ‘ಉಪ್ಪು ಹುಳಿ ಅಂದಾಜಿಗೆ ಹಾಕು’ ಎಂದ ಹಾಗೆ ಅದು. ಹೇಳುವವರಿಗೆ ಅಂದಾಜು ಗೊತ್ತು, ಹೊಸದಾಗಿ ಒಲೆ ಮುಂದೆ ನಿಂತವರಿಗೆ ಗೊತ್ತಿಲ್ಲ. ಅವರ ಮೆಚ್ಚುಗೆ ಪ್ರಾಮಾಣಿಕವಾದದ್ದೇ. ಆದರೆ ಅದನ್ನು ಮೆಟ್ಟಿಲು ಎಂದುಕೊಂಡು ಹತ್ತಲು ಹೋದಾಗ ಕಾಲು ಜಾರುತ್ತದೆ.

ಸಿನಿಮಾದ ಹಸಿರು ಅಕ್ಷರಗಳು ನಿಜವಾದ ಕೋಡ್ ಅಲ್ಲ

ಪಟ್ಟಿಯಲ್ಲಿ ಖಂಡಿತ ಇರುವ ಸಿನಿಮಾ 1999ರ ‘ದಿ ಮ್ಯಾಟ್ರಿಕ್ಸ್’. ಕಪ್ಪು ಪರದೆಯ ಮೇಲೆ ಮಳೆಯಂತೆ ಸುರಿಯುವ ಹಸಿರು ಅಕ್ಷರಗಳು ನಿಮಗೂ ನೆನಪಿರಬಹುದು. ಇಂದಿಗೂ ‘ಹ್ಯಾಕರ್’ ಎಂಬ ಸುದ್ದಿ ಬಂದರೆ ಟಿವಿಯವರು ಹಿನ್ನೆಲೆಗೆ ಅಂಥದ್ದೇ ಚಿತ್ರ ಹಾಕುತ್ತಾರೆ. ಆ ಅಕ್ಷರಗಳನ್ನು ವಿನ್ಯಾಸ ಮಾಡಿದ ಸೈಮನ್ ವೈಟ್ಲಿ, ಅವನ್ನು ಜಪಾನಿ ಅಡುಗೆ ಪುಸ್ತಕದಿಂದ ತೆಗೆದುಕೊಂಡದ್ದಾಗಿ ಹೇಳಿಕೊಂಡಿದ್ದಾರೆ. ಜಗತ್ತನ್ನೇ ನಡುಗಿಸಿದ ಆ ಕೋಡ್ ಮೂಲದಲ್ಲಿ ಅಡುಗೆ ಪುಸ್ತಕದ ಅಕ್ಷರಗಳು!

ತಮಾಷೆ ಎಂದರೆ ಇದೇ ಸರಣಿಯ 2003ರ ‘ಮ್ಯಾಟ್ರಿಕ್ಸ್ ರೀಲೋಡೆಡ್’ನಲ್ಲಿ ನಾಯಕಿ ಬಳಸುವ ಎನ್‌ಮ್ಯಾಪ್ ಎಂಬ ಸಾಧನ ನಿಜವಾದದ್ದು. ಯಾವ ಕಂಪ್ಯೂಟರಿನ ಯಾವ ಬಾಗಿಲು ತೆರೆದಿದೆ ಎಂದು ಪರೀಕ್ಷಿಸಲು ಭದ್ರತಾ ತಜ್ಞರು ಇಂದಿಗೂ ಅದನ್ನು ಬಳಸುತ್ತಾರೆ. ಎಂಜಿನಿಯರ್‌ಗಳಿಗೆ ಆ ದೃಶ್ಯ ಇಷ್ಟವಾಗುವುದು ಅದಕ್ಕಾಗಿಯೇ. ಹೊರಗಿನವರ ಕಣ್ಣಿಗೆ ಸುಳ್ಳು ಕೋಡ್ ಮತ್ತು ನಿಜ ಕೋಡ್ ಎರಡೂ ಒಂದೇ ತರಹ ಕಾಣುತ್ತವೆ.

ಸಿನಿಮಾಗಳಿಂದ ಹುಟ್ಟಿದ ನಂಬಿಕೆ ಒಂದಿದೆ: ಕೋಡಿಂಗ್ ಎಂದರೆ ಕಣ್ಣು ಮಿಟುಕಿಸದೆ ವೇಗವಾಗಿ ಟೈಪ್ ಮಾಡುವುದು, ಅದು ಹುಟ್ಟಾ ಬುದ್ಧಿವಂತರಿಗೆ ಮಾತ್ರ ಬರುತ್ತದೆ ಎಂಬುದು. ಇದು ತಪ್ಪು. ಪ್ರೋಗ್ರಾಮರ್‌ನ ದಿನದ ಬಹುಪಾಲು ಹೋಗುವುದು ಬೇರೆಯವರು ಬರೆದದ್ದನ್ನು ಓದುವುದರಲ್ಲಿ, ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲಿ, ಸುಮ್ಮನೆ ಯೋಚಿಸುವುದರಲ್ಲಿ. ಬೇಕಾದದ್ದು ತಾಳ್ಮೆ.

ಮನೆಯವರೆಲ್ಲ ಕೂತು ಒಂದೇ ಸಿನಿಮಾ ನೋಡುವುದಾದರೆ 2016ರ ‘ಹಿಡನ್ ಫಿಗರ್ಸ್’ ನೋಡಬಹುದು. ಅಮೆರಿಕದ ನಾಸಾದಲ್ಲಿ ಕೈಯಲ್ಲೇ ಲೆಕ್ಕ ಮಾಡುತ್ತಿದ್ದ ಕಪ್ಪು ವರ್ಣದ ಮಹಿಳೆಯರ ಕಥೆ ಅದು. ಅವರಲ್ಲಿ ಒಬ್ಬರಾದ ಡೊರೊತಿ ವಾನ್, ಯಂತ್ರಗಳು ಬಂದು ತಮ್ಮ ಕೆಲಸ ಹೋಗುತ್ತದೆ ಎಂದು ಅರಿತು ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತಾವೇ ಕಲಿತರು, ಜೊತೆಯವರಿಗೂ ಕಲಿಸಿದರು. ಇದು ನಿಜವಾಗಿ ನಡೆದದ್ದು.

ಪೈಥಾನ್ ಹಾವಲ್ಲ, ಸ್ಪ್ಯಾಮ್ ಬೈಗುಳವಲ್ಲ

ಎಂಜಿನಿಯರ್‌ಗಳ ಹರಟೆಯಲ್ಲಿ ಬರುವ ಎಷ್ಟೋ ಹೆಸರುಗಳು ಹಳೆಯ ಹಾಸ್ಯ ಕಾರ್ಯಕ್ರಮಗಳಿಂದ ಬಂದವು. ಇಂದು ಶುರುವಿಗೆ ಎಲ್ಲರೂ ಸೂಚಿಸುವ ಪೈಥಾನ್ ಭಾಷೆಯನ್ನು ನೆದರ್‌ಲೆಂಡ್ಸ್‌ನ ಗೀಡೋ ವಾನ್ ರಾಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಬರೆಯಲು ಶುರು ಮಾಡಿ 1991ರಲ್ಲಿ ಬಿಡುಗಡೆ ಮಾಡಿದರು. ಹೆಸರು ಬಂದದ್ದು ಹೆಬ್ಬಾವಿನಿಂದ ಅಲ್ಲ, ಬಿಬಿಸಿಯ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಎಂಬ ನಗೆ ಕಾರ್ಯಕ್ರಮದಿಂದ. ನಿಮ್ಮ ಇಮೇಲಿನ ‘ಸ್ಪ್ಯಾಮ್’ ಕೂಡ ಅಲ್ಲಿಯದೇ. 1970ರ ಪ್ರಹಸನವೊಂದರಲ್ಲಿ ಹೋಟೆಲಿನ ಬಹುತೇಕ ಎಲ್ಲ ತಿಂಡಿಗಳಲ್ಲೂ ಸ್ಪ್ಯಾಮ್ ಎಂಬ ಡಬ್ಬಿ ಮಾಂಸ ಇರುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಬೇಡದ ಸಂದೇಶಗಳಿಗೆ ಆ ಹೆಸರು ಅಂಟಿಕೊಂಡಿತು. ‘ಗುಡ್ ಮಾರ್ನಿಂಗ್’ ಚಿತ್ರಗಳ ನಡುವೆ ಬದುಕುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಪಟ್ಟಿಯಲ್ಲಿರುವ ಕಾಮಿಕ್ಸ್ ಸಾಮಾನ್ಯವಾಗಿ ಎಕ್ಸ್‌ಕೆಸಿಡಿ. ರ‍್ಯಾಂಡಲ್ ಮನ್ರೊ 2005ರಿಂದ ಕಡ್ಡಿ ಗೊಂಬೆಗಳ ಚಿತ್ರದಲ್ಲಿ ವಿಜ್ಞಾನ, ಕಂಪ್ಯೂಟರ್ ಕುರಿತು ಬರೆಯುತ್ತಿದ್ದಾರೆ. ಅದರಲ್ಲಿ 936ನೇ ಚಿತ್ರ ಪಾಸ್‌ವರ್ಡ್ ಬಗ್ಗೆ. ಒಂದು ಪದಕ್ಕೆ ಅಲ್ಲೊಂದು ಅಂಕಿ, ಇಲ್ಲೊಂದು ಚಿಹ್ನೆ ತುರುಕಿದರೆ ನಮಗೆ ನೆನಪಿಡುವುದು ಕಷ್ಟ, ಕಂಪ್ಯೂಟರಿಗೆ ಊಹಿಸುವುದು ಸುಲಭ. ಸಂಬಂಧವೇ ಇಲ್ಲದ ನಾಲ್ಕು ಪದ ಜೋಡಿಸಿದರೆ ನಮಗೆ ಸುಲಭ, ಯಂತ್ರಕ್ಕೆ ಕಷ್ಟ. ಪಟ್ಟಿಯಿಂದ ಇದೊಂದನ್ನಾದರೂ ಇವತ್ತೇ ಬಳಸಬಹುದು. ಊರು, ಮಗುವಿನ ಹೆಸರು, ಹುಟ್ಟಿದ ಇಸವಿ ಬಿಡಿ. ಒಂದಕ್ಕೊಂದು ಹೊಂದದ ನಾಲ್ಕು ಮಾತು ಆರಿಸಿಕೊಳ್ಳಿ. ಅದನ್ನು ಯಾವ ಗುಂಪಿಗೂ ಫಾರ್ವರ್ಡ್ ಮಾಡಬೇಡಿ!

ಈ ಹೆಸರು, ತಮಾಷೆಗಳನ್ನೆಲ್ಲ ತಿಳಿದರೆ ಪ್ರೋಗ್ರಾಮಿಂಗ್ ಬರುತ್ತದೆಯೇ? ಇಲ್ಲ. ಆದರೆ ಇವುಗಳಿಂದ ಒಂದು ಪ್ರಯೋಜನವಿದೆ. ದೇವದುರ್ಗದಿಂದ ಮೊದಲ ಸಲ ಬೆಂಗಳೂರಿನ ಕಚೇರಿಗೆ ಹೋದವರು ಸುತ್ತಲಿನವರ ನಗೆಮಾತು ಅರ್ಥವಾಗದೆ ‘ನನಗೇನೂ ಗೊತ್ತಿಲ್ಲ’ ಎಂದು ಕುಗ್ಗುವುದುಂಟು. ಆ ಮಾತು ಕೆಲಸದ ತಿಳಿವಳಿಕೆ ಅಲ್ಲ, ಎಲ್ಲೋ ನೋಡಿದ ಹಾಸ್ಯದ ನೆನಪು ಅಷ್ಟೇ ಎಂದು ಗೊತ್ತಿದ್ದರೆ ಕುಗ್ಗಬೇಕಾಗಿಲ್ಲ.

ಉಚಿತ ಎಂದರೆ ನಿಜವಾಗಿ ಉಚಿತವೇ?

ಇಲ್ಲಿ ಪಟ್ಟಿ ಬಹುಮಟ್ಟಿಗೆ ನಿಜ ಹೇಳುತ್ತದೆ. ಜಗತ್ತಿನ ಒಳ್ಳೆಯ ಪಾಠಗಳಲ್ಲಿ ಅನೇಕವು ಹಣವಿಲ್ಲದೆ ಸಿಗುತ್ತವೆ. ‘ಉಚಿತವಾದದ್ದು ಕಳಪೆ, ಐವತ್ತು ಸಾವಿರದ ಕೋರ್ಸ್ ಒಳ್ಳೆಯದು’ ಎಂಬ ನಂಬಿಕೆಗೆ ಆಧಾರವಿಲ್ಲ. ಕೆಲವನ್ನು ನೋಡೋಣ.

ಎನ್‌ಪಿಟಿಇಎಲ್: ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ್ದು. ಐಐಟಿ ಪ್ರಾಧ್ಯಾಪಕರ ಪಾಠಗಳನ್ನು ಯಾರು ಬೇಕಾದರೂ ನೋಡಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಹೊಸಬರಿಗಾಗಿಯೇ ಮಾಡಿದ ‘ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ ಇಲ್ಲಿದೆ. ಕೆಲವು ಪಾಠಗಳ ಪಠ್ಯ ಕನ್ನಡದಲ್ಲೂ ಇದೆ.

ಸ್ಪೋಕನ್ ಟ್ಯುಟೋರಿಯಲ್: ಮುಂಬೈ ಐಐಟಿಯ ಯೋಜನೆ. ಸುಮಾರು ಹತ್ತು ನಿಮಿಷದ ವಿಡಿಯೊಗಳು. ಅನೇಕ ಪಾಠಗಳ ಧ್ವನಿ ಕನ್ನಡದಲ್ಲಿದೆ. ವಿಡಿಯೊ ನಿಲ್ಲಿಸಿ, ತಾನೇ ಮಾಡಿ ನೋಡಿ, ಮುಂದೆ ಹೋಗುವಂತೆ ಇವನ್ನು ರಚಿಸಿದ್ದಾರೆ. ಆದರೂ ಇಂಗ್ಲಿಷ್ ಪಟ್ಟಿಗಳಲ್ಲಿ ಇದರ ಹೆಸರು ಕಾಣುವುದು ಕಡಿಮೆ. ಪಟ್ಟಿ ಬರೆದವರಿಗೆ ಅದರ ಅಗತ್ಯ ಬಿದ್ದಿರುವುದಿಲ್ಲ. ಮಾನ್ವಿಯ ಕನ್ನಡ ಮಾಧ್ಯಮದ ಹುಡುಗಿಗೆ ಮಾತ್ರ ಇದೇ ಮೊದಲ ಮೆಟ್ಟಿಲಾಗಬಹುದು.

ಸಿಎಸ್50: ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಕಂಪ್ಯೂಟರ್ ವಿಜ್ಞಾನದ ಕೋರ್ಸ್. ಡೇವಿಡ್ ಮಲಾನ್ ಪಾಠ ಮಾಡುತ್ತಾರೆ. ಪಾಠ, ಅಭ್ಯಾಸ ಎಲ್ಲ ಉಚಿತ. ಗುರುತು ಪರಿಶೀಲಿಸಿ ಕೊಡುವ ಪ್ರಮಾಣಪತ್ರಕ್ಕೆ ಮಾತ್ರ ಹಣ. ಇಂಗ್ಲಿಷ್ ವೇಗವಾಗಿದೆ, ಹಾಗಾಗಿ ಮೊದಲ ಮೆಟ್ಟಿಲಿಗಿಂತ ಎರಡನೆಯದಕ್ಕೆ ಸರಿ.

ಫ್ರೀಕೋಡ್‌ಕ್ಯಾಂಪ್: ಹಿಂದೆ ಶಾಲಾ ಕ್ಷೇತ್ರದಲ್ಲಿದ್ದ ಕ್ವಿನ್ಸಿ ಲಾರ್ಸನ್ 2014ರಲ್ಲಿ ಶುರು ಮಾಡಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಜಾಲತಾಣ ಕಟ್ಟುವುದನ್ನು ಹಂತ ಹಂತವಾಗಿ ಮಾಡಿಸುತ್ತದೆ. ಪ್ರಮಾಣಪತ್ರವೂ ಉಚಿತ.

ಸ್ಟ್ಯಾಕ್ ಓವರ್‌ಫ್ಲೋ ಮತ್ತು ಗಿಟ್‌ಹಬ್: ಎರಡೂ 2008ರಲ್ಲಿ ಶುರುವಾದವು. ಮೊದಲನೆಯದು ಪ್ರಶ್ನೋತ್ತರದ ಕಟ್ಟೆ, ಎರಡನೆಯದು ಬರೆದ ಕೋಡ್ ಇಡುವ ಕಪಾಟು. ಇವು ಪಾಠಶಾಲೆಗಳಲ್ಲ. ಏನಾದರೂ ಬರೆಯಲು ಶುರು ಮಾಡಿದ ಮೇಲೆ ಬೇಕಾಗುವ ಜಾಗಗಳು. ಶುರುವಿನಲ್ಲೇ ಇಲ್ಲಿಗೆ ಬಂದವರು ಗಾಬರಿಯಾಗಿ ವಾಪಸ್ ಹೋಗುವುದು ಸಹಜ.

ಇವುಗಳಲ್ಲಿ ಯಾವುದನ್ನೂ ಪಡೆಯಲು ಯಾರ ‘ಪ್ರೀಮಿಯಂ ಗುಂಪಿಗೂ’ ಸೇರಬೇಕಿಲ್ಲ. 99 ರೂಪಾಯಿ ಕೊಟ್ಟರೆ ಉಚಿತ ಕೋರ್ಸ್‌ಗಳ ಪಟ್ಟಿ ಕೊಡುತ್ತೇವೆ ಎನ್ನುವವರು ಬಾವಿಯ ನೀರನ್ನು ಬಾಟಲಿಗೆ ತುಂಬಿ ಮಾರುತ್ತಿದ್ದಾರೆ ಅಷ್ಟೇ.

‘ಇಂಗ್ಲಿಷ್ ಬಾರದವರಿಗೆ ಕೋಡಿಂಗ್ ಬಾರದು’

ಇದು ಅರ್ಧ ನಿಜ. ಮುಂದೆ ಹೋದಂತೆ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಲೇಬೇಕು. ಹೊಸ ವಿಷಯಗಳ ವಿವರಣೆ ಹೆಚ್ಚಾಗಿ ಅದರಲ್ಲೇ ಇದೆ. ಆದರೆ ಶುರು ಮಾಡಲು ನಿರರ್ಗಳ ಇಂಗ್ಲಿಷ್ ಬೇಕಿಲ್ಲ. ಪೈಥಾನ್ ಭಾಷೆ ತನಗಾಗಿ ಕಾದಿರಿಸಿಕೊಂಡ ಪದಗಳು ಸುಮಾರು 35. ‘ಇಫ್’, ‘ಎಲ್ಸ್’, ‘ವೈಲ್’ ಇಂಥವು. ರಾಯಚೂರಿನ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ತೆಲುಗು ಎಂದು ಮೂರು ಭಾಷೆ ಸಲೀಸಾಗಿ ಆಡುತ್ತಾರೆ. 35 ಪದ ಅವರಿಗೆ ಭಾರವಲ್ಲ.

ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲ ಎಂಬುದೂ ಹಳೇ ಮಾತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ಸರ್ಕಾರದ ಒಪ್ಪಿಗೆ ಪಡೆಯಿತು. ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಕೊಟ್ಟರು. ಜಗತ್ತಿನ ಎಲ್ಲ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದ್ದು, ಅದಕ್ಕೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ನಮ್ಮದೇ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಆ ಶಾಸನದ ಬ್ರಾಹ್ಮಿ ಲಿಪಿಗೂ 2010ರಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದೆ.

ಒಂದು ಸಣ್ಣ ಪ್ರಯೋಗ ನೋಡಿ. ‘ರಾಯಚೂರು’ ಪದದಲ್ಲಿ ಎಷ್ಟು ಅಕ್ಷರ? ನಾವು ರಾ, ಯ, ಚೂ, ರು ಎಂದು ನಾಲ್ಕು ಎಣಿಸುತ್ತೇವೆ. ಪೈಥಾನ್‌ಗೆ ಉದ್ದ ಕೇಳಿದರೆ 7 ಎನ್ನುತ್ತದೆ. ಅದು ರ, ದೀರ್ಘದ ಗುರುತು, ಯ, ಚ, ಊಕಾರದ ಕೊಂಬು, ರ, ಉಕಾರದ ಕೊಂಬು ಎಂದು ಬಿಡಿಸಿ ಎಣಿಸುತ್ತದೆ. ‘ಮಾನ್ವಿ’ ನಮಗೆ 2, ಅದಕ್ಕೆ 6. ‘ದೇವದುರ್ಗ’ ನಮಗೆ 4, ಅದಕ್ಕೆ 8. ಕಾಗುಣಿತ ಕಲಿತ ಮಗುವಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹಳೆಯ ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಸಿಗುತ್ತಿತ್ತು, ಕನ್ನಡಕ್ಕೆ 70 ಮಾತ್ರ ಯಾಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಜಾಗ ಸಾಕಾದರೆ, ಕನ್ನಡದ ಪ್ರತಿ ಗುರುತಿಗೂ 16 ಬಿಟ್ ಬೇಕು.

‘ಲ್ಯಾಪ್‌ಟಾಪ್ ಇಲ್ಲದೆ ಆಗುವುದೇ ಇಲ್ಲ’

ಇದೂ ಅರ್ಧ ನಿಜ. ಕೆಲಸ ಹುಡುಕುವ ಹಂತಕ್ಕೆ ಬಂದಾಗ ಕಂಪ್ಯೂಟರ್ ಬೇಕು. ದೊಡ್ಡ ಕೀಲಿಮಣೆಯ ಅಭ್ಯಾಸವೂ ಬೇಕು. ಆದರೆ ಆಸಕ್ತಿ ಇದೆಯೋ ಇಲ್ಲವೋ ಎಂದು ತಿಳಿಯುವ ಮೊದಲೇ ಐವತ್ತು ಸಾವಿರ ಸುರಿಯಬೇಕಿಲ್ಲ. ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೇ ಪೈಡ್ರಾಯ್ಡ್ 3 ಎಂಬ ಆ್ಯಪ್ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದಾಗಲೂ ಪೈಥಾನ್ ಬರೆಯಬಹುದು. ಬ್ರೌಸರಿನಲ್ಲಿ ಗೂಗಲ್ ಕೋಲ್ಯಾಬ್ ಇದೆ. ಫೋನಿನ ಸಣ್ಣ ಪರದೆಯಲ್ಲಿ ಉದ್ದದ ಕೋಡ್ ಬರೆಯುವುದು ತ್ರಾಸದ ಕೆಲಸ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಮೊದಲ ಎರಡು ತಿಂಗಳಿಗೆ ಸಾಕು. ಗ್ರಾಮ ಪಂಚಾಯಿತಿಗಳ ‘ಅರಿವು ಕೇಂದ್ರ’ ಗ್ರಂಥಾಲಯಗಳಲ್ಲಿ ಹಲವು ಕಡೆ ಕಂಪ್ಯೂಟರ್‌ಗಳಿವೆ. ನಿಮ್ಮ ಊರಿನಲ್ಲಿ ಅದು ನಡೆಯುವ ಸ್ಥಿತಿಯಲ್ಲಿದೆಯೇ ಎಂದು ಹೋಗಿ ಕೇಳಿ. ಯಾರೂ ಕೇಳದಿದ್ದರೆ ಅದರ ಮೇಲಿನ ಮುಸುಕು ತೆಗೆಯುವವರಿಲ್ಲ.

ಒಂದು ಎಚ್ಚರಿಕೆ: ‘ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಲ್ಯಾಪ್‌ಟಾಪ್, ಈ ಕೊಂಡಿ ಒತ್ತಿ’ ಎಂಬ ಫಾರ್ವರ್ಡ್‌ಗಳನ್ನು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಲವು ಸಲ ಸುಳ್ಳು ಎಂದು ಹೇಳಿದೆ. ಅಂಥ ಕೊಂಡಿಗಳ ಉದ್ದೇಶ ನಿಮ್ಮ ಮಾಹಿತಿ ಕದಿಯುವುದು.

ಐವತ್ತು ಜಾಲತಾಣದ ಬದಲು ಒಂದು ಚೀಲ ಭತ್ತ

ಹಾಗಾದರೆ ಕಲಿಕೆ ಶುರುವಾಗುವುದು ಎಲ್ಲಿಂದ? ನಮ್ಮ ಪ್ರಕಾರ ಮನೆಯಲ್ಲಿ ನಿಜವಾಗಿ ಇರುವ ಒಂದು ಲೆಕ್ಕದಿಂದ.

ಮಾನ್ವಿ, ಸಿಂಧನೂರು ಕಡೆ ಭತ್ತದ ವ್ಯಾಪಾರದ ಮಾತು 75 ಕೆಜಿ ಚೀಲದಲ್ಲಿ ನಡೆಯುತ್ತದೆ. ಸರ್ಕಾರ ಬೆಂಬಲ ಬೆಲೆ ಹೇಳುವುದು 100 ಕೆಜಿಯ ಕ್ವಿಂಟಲ್‌ನಲ್ಲಿ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,300 ರೂಪಾಯಿ ಘೋಷಣೆಯಾಗಿತ್ತು. ಚೀಲದ ಲೆಕ್ಕದಲ್ಲಿ ಅದು 1,725 ರೂಪಾಯಿ. ಯಾರೋ ಚೀಲಕ್ಕೆ 1,650 ಕೊಡುತ್ತೇನೆ ಎಂದರು ಎಂದುಕೊಳ್ಳಿ. ಕೇಳಲು ಬಹಳ ಕಡಿಮೆ ಅನಿಸುವುದಿಲ್ಲ. 1,650ನ್ನು 75ರಿಂದ ಭಾಗಿಸಿ 100ರಿಂದ ಗುಣಿಸಿದರೆ ಕ್ವಿಂಟಲ್‌ಗೆ 2,200. ಅಂದರೆ ಕ್ವಿಂಟಲ್‌ಗೆ 100 ರೂಪಾಯಿ ಕಡಿಮೆ. 20 ಚೀಲ ಎಂದರೆ 15 ಕ್ವಿಂಟಲ್, ವ್ಯತ್ಯಾಸ 1,500 ರೂಪಾಯಿ.

ಇದನ್ನೇ ಪ್ರೋಗ್ರಾಮ್ ಮಾಡಿ. ನಾಲ್ಕೈದು ಸಾಲು ಸಾಕು: ಚೀಲದ ದರ ಕೇಳು, ಭಾಗಿಸು, ಗುಣಿಸು, ಬೆಂಬಲ ಬೆಲೆಯ ಜೊತೆ ಹೋಲಿಸು, ಉತ್ತರ ತೋರಿಸು. ಮೊದಲ ಸಲ ಬರೆದಾಗ ಅದು ಓಡುವುದಿಲ್ಲ. ಪೈಥಾನ್ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸುತ್ತದೆ. ಕಾರಣ ಇಷ್ಟೆ: ನೀವು ಟೈಪ್ ಮಾಡಿದ 1650 ಅದರ ಪಾಲಿಗೆ ಸಂಖ್ಯೆಯಲ್ಲ, ಬರಹ. ಬರಹವನ್ನು ಭಾಗಿಸಲು ಬರುವುದಿಲ್ಲ. ಬರಹವಾಗಿ ಬರೆದ 75ನ್ನು 2ರಿಂದ ಗುಣಿಸು ಎಂದರೆ ಅದು 150 ಎನ್ನುವುದಿಲ್ಲ, ಎರಡು ಸಲ ಬರೆದು 7575 ಎನ್ನುತ್ತದೆ! ‘ಇದನ್ನು ಸಂಖ್ಯೆ ಎಂದು ತಿಳಿ’ ಎಂದು ಒಂದು ಮಾತು ಸೇರಿಸಿದರೆ ಸರಿಹೋಗುತ್ತದೆ. ಆಮೇಲೆ ನೀವು ಕನ್ನಡ ಅಂಕಿಯಲ್ಲಿ ೧೬೫೦ ಎಂದು ಕೊಟ್ಟರೂ ಅದು ಒಪ್ಪಿಕೊಳ್ಳುತ್ತದೆ.

ಈ ತಪ್ಪನ್ನು ಹುಡುಕಿ ಸರಿಪಡಿಸಲು ಒಂದು ಸಂಜೆ ಹೋಗಬಹುದು. ಆ ಸಂಜೆಯೇ ಕಲಿಕೆ. ಮರುದಿನ ಅಪ್ಪನ ಫೋನಿನಲ್ಲಿ ಅದನ್ನು ತೋರಿಸಿ, ‘ಹಮಾಲಿ, ತೂಕದ ಖರ್ಚು ಕಳೆದ್ರ ಎಷ್ಟ್ ಆಗ್ತದ?’ ಎಂದು ಅವರು ಕೇಳಿದರೆ ಮುಂದಿನ ಪಾಠವೂ ಸಿಕ್ಕಂತೆ. ದೇವದುರ್ಗದವರು ಭತ್ತದ ಜಾಗದಲ್ಲಿ ಹತ್ತಿ, ತೊಗರಿ ಇಟ್ಟುಕೊಳ್ಳಲಿ. ರಾಯಚೂರು ಪೇಟೆಯವರು ಅಂಗಡಿಯ ಉದ್ರಿ ಪುಸ್ತಕ ಇಟ್ಟುಕೊಳ್ಳಲಿ.

ಎಐ ಬಂದಿದೆಯಲ್ಲ, ಅದಕ್ಕೆ ಹೇಳಿದರೆ ಅದೇ ಬರೆದುಕೊಡುತ್ತದೆ ಎನ್ನಬಹುದು. ಹೌದು, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಷ್ಟು ಸಣ್ಣ ಪ್ರೋಗ್ರಾಮ್ ಕ್ಷಣದಲ್ಲಿ ಸಿಗುತ್ತದೆ. ಕೆಲವೊಮ್ಮೆ ಅದು ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ. ಚೀಲ ಎಂದರೆ 75 ಕೆಜಿಯೋ 50 ಕೆಜಿಯೋ ಎಂಬುದು ನಿಮಗೆ ಗೊತ್ತು, ನೀವು ಹೇಳದೆ ಅದಕ್ಕೆ ಗೊತ್ತಾಗದು. ಕೇಳಿ ಕಲಿಯಿರಿ, ಆದರೆ ಸಾಲು ಸಾಲಾಗಿ ವಿವರಿಸಲು ಬಾರದ ಕೋಡನ್ನು ನಿಮ್ಮದು ಎನ್ನಬೇಡಿ. ಸಂದರ್ಶನದಲ್ಲಿ ಕೇಳುವುದು ಅದನ್ನೇ.

‘ಕೆಲಸ ಗ್ಯಾರಂಟಿ’ ಎಂಬ ಕೊನೆಯ ಸಾಲು

ಪಟ್ಟಿಯಲ್ಲಿ ಪೂರ್ತಿ ಸುಳ್ಳಾದದ್ದು ಇದೊಂದೇ. ಯಾವ ಜಾಲತಾಣವೂ, ಯಾವ ಪ್ರಮಾಣಪತ್ರವೂ ಕೆಲಸದ ಗ್ಯಾರಂಟಿ ಕೊಡಲಾರದು. ಐಟಿ ನೇಮಕಾತಿ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಅನೇಕ ಕಂಪನಿಗಳು ಈಗಲೂ ಪದವಿ ಕೇಳುತ್ತವೆ. ಹಾಗಾಗಿ ಈ ಪಟ್ಟಿ ನಂಬಿ ಡಿಗ್ರಿ ಬಿಡುವುದು ಸರಿಯಲ್ಲ. ಡಿಗ್ರಿಯ ಜೊತೆಗೆ ಇದು ನಡೆಯಲಿ. 2019ರಲ್ಲಿ ಹೈದರಾಬಾದ್ ಐಐಟಿಯ ಮಾರ್ಗದರ್ಶನದಲ್ಲಿ ಶುರುವಾದ ಐಐಐಟಿ ನಮ್ಮ ರಾಯಚೂರಿನಲ್ಲೇ ಇದೆ. ಬಿ.ಟೆಕ್ ಪ್ರವೇಶ ಜೆಇಇ ಮೇನ್ ಮೂಲಕ. ಜಿಲ್ಲೆಯ ಮಕ್ಕಳು ಆ ಪರೀಕ್ಷೆಯ ಬಗ್ಗೆ ಹತ್ತನೇ ತರಗತಿಯಲ್ಲೇ ತಿಳಿದುಕೊಂಡರೆ ಹೆಚ್ಚು ಉಪಯೋಗ.

ಅದಕ್ಕಿಂತ ದೊಡ್ಡ ಅಪಾಯ ಪಟ್ಟಿಯ ಕೆಳಗಿರುವ ಫೋನ್ ನಂಬರಿನಲ್ಲಿದೆ. ‘ಟ್ರೈನಿಂಗ್ ಉಚಿತ, ಡಿಪಾಸಿಟ್ ಮಾತ್ರ ಕಟ್ಟಿ’, ‘ಆಫರ್ ಲೆಟರ್ ರೆಡಿ ಇದೆ, ಲ್ಯಾಪ್‌ಟಾಪ್ ಚಾರ್ಜ್ ಕಳಿಸಿ’ ಎನ್ನುವವರಿಗೆ ಹಣ ಕೊಡಬೇಡಿ. ನೇಮಕಾತಿಗೆ ಯಾವ ಹಣವನ್ನೂ ಕೇಳುವುದಿಲ್ಲ ಎಂದು ದೊಡ್ಡ ಐಟಿ ಕಂಪನಿಗಳು ತಮ್ಮ ಜಾಲತಾಣಗಳಲ್ಲೇ ಬರೆದಿವೆ. ಹಣ ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ, ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಾಗಾದರೆ ಶೇರ್ ಮಾಡುವುದೋ ಬೇಡವೋ?

ಮಾಡಿ, ಆದರೆ ಹಾಗೇ ತಳ್ಳಬೇಡಿ. ಗ್ಯಾರಂಟಿಯ ಸಾಲನ್ನೂ ಗುರುತಿಲ್ಲದ ಫೋನ್ ನಂಬರನ್ನೂ ಅಳಿಸಿ. ಐವತ್ತು ಹೆಸರಿನಲ್ಲಿ ನೀವೇ ತೆರೆದು ನೋಡಿದ ಒಂದೆರಡನ್ನು ಮಾತ್ರ ಉಳಿಸಿ. ಅದರ ಪಕ್ಕದಲ್ಲಿ ಮೂರು ಮಾತು ಬರೆಯಿರಿ: ಯಾವ ಭಾಷೆಯಲ್ಲಿದೆ, ಎಲ್ಲಿಂದ ಮುಂದೆ ಹಣ ಕೇಳುತ್ತದೆ, ಫೋನಿನಲ್ಲಿ ಆಗುತ್ತದೆಯೇ. ನಿಮ್ಮ ಊರಿನಿಂದ ಓದಿ ಕೆಲಸಕ್ಕೆ ಹೋದವರು ಯಾರಾದರೂ ಇದ್ದರೆ ಅವರ ಕೈಲಿ ಇನ್ನೊಂದು ಪಟ್ಟಿ ಬರೆಸಬೇಡಿ. ಹಬ್ಬಕ್ಕೆ ಬಂದಾಗ ಮಕ್ಕಳ ಪಕ್ಕ ಒಂದು ತಾಸು ಕೂರಿಸಿ, ಆ ಭತ್ತದ ಲೆಕ್ಕದ ತಪ್ಪು ಹುಡುಕಿಸಿ.

ಒಟ್ಟಿನಲ್ಲಿ, ಸಾಫ್ಟ್‌ವೇರ್ ಎಂಜಿನಿಯರ್ ಅಣ್ಣ ಅಕ್ಕಂದಿರ ಪಟ್ಟಿಯಲ್ಲಿರುವ ಸಿನಿಮಾ ಚೆನ್ನಾಗಿವೆ, ಕಾಮಿಕ್ಸ್ ಚೆನ್ನಾಗಿವೆ, ಉಚಿತ ಪಾಠಗಳು ನಿಜವಾಗಿ ಉಚಿತವಾಗಿವೆ. ಪಟ್ಟಿಯೇ ಕೆಲಸ ಕೊಡಿಸುತ್ತದೆ ಎಂಬುದು ಮಾತ್ರ ಸುಳ್ಳು. ಮುಂದಿನ ಸಲ ಅದು ನಿಮ್ಮ ಗುಂಪಿಗೆ ಬಂದಾಗ ಸೇವ್ ಮಾಡುವ ಮೊದಲು ಒಂದನ್ನು ತೆರೆದು, ಇಪ್ಪತ್ತು ನಿಮಿಷ ಅಲ್ಲೇ ಇದ್ದು ನೋಡಿ.